ಹಳೆಯ ಅಣೆಕಟ್ಟುಗಳ ದುರಸ್ತಿ ಮತ್ತು ಪರಿಸರ ಪರಿಶೀಲನೆ

ವಯಸ್ಸಾಗಿ ಅಪಾಯದ ಅಂಚಿಗೆ ಬಂದ ಅಣೆಕಟ್ಟನ್ನು ದುರಸ್ತಿ ಮಾಡುವ, ಬಲಪಡಿಸುವ, ಮತ್ತೆ ಕಟ್ಟುವ ಇಲ್ಲವೇ ಕೆಡವುವ ಮೊದಲು, ಆ ಕೆಲಸದಿಂದ ನದಿಗೆ, ಅಂತರ್ಜಲಕ್ಕೆ, ಕಾಡಿಗೆ, ಜಲಚರಗಳಿಗೆ ಮತ್ತು ಜನರ ಬದುಕಿಗೆ ಏನಾಗುತ್ತದೆ ಎಂದು ಲೆಕ್ಕ ಹಾಕಿ, ಬೇರೆ ದಾರಿಗಳ ಜೊತೆ ಹೋಲಿಸಿ, ಸಾರ್ವಜನಿಕರ ಮುಂದಿಟ್ಟು ತೀರ್ಮಾನಿಸುವ ವಿಧಾನ. ಅಮೆರಿಕದಲ್ಲಿ 1970ರ ಜನವರಿ 1ರಂದು ಸಹಿಯಾದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಯೂ ಅದೇ ವರ್ಷ ಬಂದ ಕ್ಯಾಲಿಫೋರ್ನಿಯಾ ಪರಿಸರ ಗುಣಮಟ್ಟ ಕಾಯ್ದೆಯೂ ಇದಕ್ಕೆ ಕಾನೂನಿನ ಚೌಕಟ್ಟು ಕೊಟ್ಟವು. ಭಾರತದಲ್ಲಿ ಪರಿಸರ ಪರಿಣಾಮ ಅಂದಾಜು 1994ರ ಅಧಿಸೂಚನೆಯಿಂದ ಕಡ್ಡಾಯವಾಯಿತು. ಅದರ ಜಾಗಕ್ಕೆ 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಬಂತು.

ಹೊಸ ಅಣೆಕಟ್ಟಿನ ವಿಚಾರದಲ್ಲಿ ‘ಬೇಡ’ ಎಂದರೆ ನದಿ ಇದ್ದ ಹಾಗೇ ಉಳಿಯುತ್ತದೆ. ಹಳೆಯ ಅಣೆಕಟ್ಟಿನ ವಿಚಾರದಲ್ಲಿ ಆ ಅನುಕೂಲವಿಲ್ಲ. ಏನೂ ಮಾಡದೆ ಬಿಡುವುದೆಂದರೆ ಕಟ್ಟೆ ಒಡೆಯುವ ಸಾಧ್ಯತೆಯನ್ನೂ ಒಪ್ಪಿಕೊಂಡಂತೆ. ಜೊತೆಗೆ, ಎಪ್ಪತ್ತು ಎಂಬತ್ತು ವರ್ಷ ನಿಂತ ಅಣೆಕಟ್ಟು ತನ್ನ ಸುತ್ತ ಹೊಸದೊಂದು ಪರಿಸರವನ್ನೇ ಬೆಳೆಸಿರುತ್ತದೆ. ಹಿನ್ನೀರಿಗೆ ಹಕ್ಕಿಗಳು ಬಂದು ನೆಲೆಸಿರುತ್ತವೆ, ಕಾಲುವೆಯ ಬಸಿನೀರಿನಿಂದ ಸುತ್ತಲ ಬಾವಿಗಳು ತುಂಬುತ್ತಿರುತ್ತವೆ, ಒಂದು ಕಾಲಕ್ಕೆ ನೆರೆ ಬರುತ್ತಿದ್ದ ಬಯಲಿನಲ್ಲಿ ಊರುಗಳು ಎದ್ದಿರುತ್ತವೆ. ಹಾಗಾಗಿ ಯಾವುದನ್ನು ಮೂಲ ಸ್ಥಿತಿ ಎಂದು ಹಿಡಿದು ನಷ್ಟವನ್ನು ಅಳೆಯಬೇಕು ಎನ್ನುವುದೇ ಇಲ್ಲಿ ಮೊದಲ ತಕರಾರು. ಕಟ್ಟುವ ಮೊದಲಿದ್ದ ನದಿಯೋ, ತುಂಬಿ ನಿಂತ ಜಲಾಶಯವೋ, ಅಪಾಯಕ್ಕೆ ಹೆದರಿ ಅರ್ಧ ಖಾಲಿ ಮಾಡಿಟ್ಟ ಜಲಾಶಯವೋ? ಉತ್ತರ ಬದಲಾದರೆ ಇಡೀ ವರದಿಯೇ ಬದಲಾಗುತ್ತದೆ.

ಮುಪ್ಪಿನ ಬಗೆಗಳು

ಮಣ್ಣಿನ ಏರಿಯೊಳಗೆ ನೀರು ಸಣ್ಣ ಜಾಡು ಹಿಡಿದು ಕಣಕಣವಾಗಿ ಮಣ್ಣನ್ನು ಹೊತ್ತೊಯ್ಯುತ್ತದೆ. ಏರಿಯ ಕೆಳಮಗ್ಗುಲಲ್ಲಿ ಒಸರುವ ನೀರು ತಿಳಿಯಾಗಿದ್ದರೆ ಎಂಜಿನಿಯರುಗಳು ಅದನ್ನು ಅಳೆದು ಬರೆದಿಟ್ಟುಕೊಳ್ಳುತ್ತಾರೆ. ಕದಡಿ ಬಂದರೆ ಓಡಿ ಬರುತ್ತಾರೆ. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯ ಕಲ್ಲುಕಟ್ಟಡಗಳಲ್ಲಿ ಸುಣ್ಣ ಕರಗಿ ಸೋರಿಹೋಗುತ್ತದೆ. ಗೇಟುಗಳ ಸರಪಳಿ, ಕೊಂಡಿಗಳು ತುಕ್ಕು ಹಿಡಿಯುತ್ತವೆ. ಹೂಳು ತುಂಬಿ ತಳದ ತೂಬು ಮುಚ್ಚಿಹೋಗುತ್ತದೆ. ಇನ್ನೊಂದು ಬಗೆಯ ಮುಪ್ಪು ಕಣ್ಣಿಗೆ ಕಾಣುವುದಿಲ್ಲ: ಕಟ್ಟಡ ಗಟ್ಟಿಯಾಗಿಯೇ ಇರುತ್ತದೆ, ಆದರೆ ಭೂಕಂಪದ, ಮಹಾಪೂರದ ಬಗ್ಗೆ ಕಟ್ಟಿದವರಿಗೆ ಗೊತ್ತಿದ್ದುದಕ್ಕಿಂತ ನಮಗೀಗ ಹೆಚ್ಚು ಗೊತ್ತಾಗಿರುತ್ತದೆ. ಕ್ಯಾಲಿಫೋರ್ನಿಯಾದ ಹಲವು ದುರಸ್ತಿಗಳು ಈ ಬಗೆಯವು.

ಕಟ್ಟೆ ಒಡೆದರೆ ಏನಾಗುತ್ತದೆ ಎನ್ನುವುದಕ್ಕೆ ಉದಾಹರಣೆಗಳಿಗೇನೂ ಕೊರತೆಯಿಲ್ಲ. 1961ರ ಜುಲೈ 12ರಂದು ಪುಣೆಯ ಮೇಲಿನ ಪಾನಶೇತ್ ಒಡೆಯಿತು, 1979ರ ಆಗಸ್ಟ್ 11ರಂದು ಗುಜರಾತಿನ ಮೋರ್ಬಿಯ ಮೇಲೆ ಮಚ್ಚು-2 ಒಡೆಯಿತು. 2023ರ ಸೆಪ್ಟೆಂಬರಿನಲ್ಲಿ ಲಿಬಿಯಾದ ದರ್ನಾ ಪಟ್ಟಣದ ಮೇಲಿದ್ದ, 1970ರ ದಶಕದಲ್ಲಿ ಕಟ್ಟಿ ನಂತರ ಸರಿಯಾದ ನಿರ್ವಹಣೆ ಕಾಣದ ಎರಡು ಅಣೆಕಟ್ಟುಗಳು ಒಂದೇ ರಾತ್ರಿ ಕೊಚ್ಚಿಹೋಗಿ ಸಾವಿರಾರು ಜನ ಸತ್ತರು. ಪರಿಸರ ಪರಿಶೀಲನೆ ಎಂದರೆ ಬರೀ ವಿಳಂಬ ಎನ್ನುವವರು ಇಂಥ ಘಟನೆಗಳನ್ನೇ ಮುಂದಿಡುತ್ತಾರೆ. ಅವರ ಆತಂಕ ನಿಜವಾದದ್ದು. ಆದರೆ ಈ ಮೂರೂ ಕಡೆ ಕಟ್ಟೆ ಒಡೆದದ್ದು ಮೀನು, ಕಪ್ಪೆಗಳ ಲೆಕ್ಕ ಕೇಳಿದ್ದರಿಂದಲ್ಲ.

ನೀರು ಇಳಿಸಿದಾಗ

ಹೆಚ್ಚಿನ ದೊಡ್ಡ ದುರಸ್ತಿಗಳ ಮೊದಲ ಹೆಜ್ಜೆ ಜಲಾಶಯದ ಮಟ್ಟ ತಗ್ಗಿಸುವುದು. ಪರಿಸರದ ಮೇಲಿನ ದೊಡ್ಡ ಪೆಟ್ಟು ಬೀಳುವುದೂ ಅಲ್ಲೇ, ಸಿಮೆಂಟು ಕಲೆಸುವ ಮೊದಲೇ. ಆಳದಲ್ಲಿರುವ ತಣ್ಣನೆಯ ನೀರು ಖಾಲಿಯಾಗುತ್ತದೆ. ತಣ್ಣೀರಲ್ಲೇ ಬದುಕುವ ಮೀನುಗಳಿಗೆ ಕೆಳಗಿನ ಹೊಳೆ ಬೇಸಿಗೆಯಲ್ಲಿ ಒಗ್ಗದು. ದಶಕಗಳ ಹೂಳು ಬಯಲಾಗಿ, ಮೊದಲ ಮಳೆಗೇ ಕೆಸರಾಗಿ ಹರಿದು, ಮೀನುಗಳು ಮೊಟ್ಟೆಯಿಡುವ ಜಲ್ಲಿಯ ಹಾಸನ್ನು ಮುಚ್ಚುತ್ತದೆ. ಉಳಿದ ಚೂರುಪಾರು ನೀರಿನಲ್ಲಿ ಆಮ್ಲಜನಕ ಕುಸಿಯುತ್ತದೆ. ಆಮೇಲೆ ಬರುತ್ತದೆ ಕಟ್ಟುವ ಕೆಲಸದ ಸರದಿ: ಹಸಿ ಕಾಂಕ್ರೀಟು ತೊಳೆದ ಕ್ಷಾರದ ನೀರು, ಬಂಡೆ ಸಿಡಿಸುವ ಸದ್ದು, ಲಾರಿಗಳ ಧೂಳು, ಕಲ್ಲು ಮಣ್ಣಿಗಾಗಿ ಅಗೆಯುವ ಗುಡ್ಡ. ಏರಿಯ ಮೇಲಿನ ಮರಗಳದ್ದೂ ಒಂದು ಸಮಸ್ಯೆ. ಕೊಳೆತ ಬೇರಿನ ಜಾಡಿನಲ್ಲಿ ನೀರು ನುಗ್ಗುತ್ತದೆಂದು ಸುರಕ್ಷತೆಯವರು ಮರ ಕಡಿಯಬೇಕೆನ್ನುತ್ತಾರೆ; ಆ ಮರದಲ್ಲಿ ಗೂಡುಗಳಿರುತ್ತವೆ. ನಮ್ಮ ಕೆರೆ ಏರಿಗಳ ಹೊಂಗೆ, ಹುಣಸೆಗಳ ಬಗ್ಗೆಯೂ ಇದೇ ವಾದ ಆಗಾಗ ಏಳುತ್ತದೆ.

ನೀರು ಇಳಿಸಿದ್ದರಿಂದ ನಷ್ಟವೇ ಆಗಬೇಕೆಂದೇನೂ ಇಲ್ಲ ಎಂದು ತೋರಿಸಿದ್ದು ಅಮೆರಿಕದ ಕೆಂಟಕಿ ರಾಜ್ಯದ ವುಲ್ಫ್ ಕ್ರೀಕ್ ಅಣೆಕಟ್ಟು. ಕಂಬರ್ಲೆಂಡ್ ನದಿಗೆ ಅಡ್ಡಲಾಗಿ, ಗುಹೆ ಬಿರುಕುಗಳಿಂದ ತುಂಬಿದ ಸುಣ್ಣಕಲ್ಲಿನ ತಳಪಾಯದ ಮೇಲೆ ಕಟ್ಟಿದ ಇದರ ಅಡಿಯಲ್ಲಿ 1960ರ ದಶಕದ ಕೊನೆಯಲ್ಲೇ ಕೆಸರು ನೀರು ಒಸರಿತ್ತು. 2007ರ ಜನವರಿಯಲ್ಲಿ ಸೇನಾ ಎಂಜಿನಿಯರುಗಳ ಪಡೆ ಜಲಾಶಯವನ್ನು ತಗ್ಗಿಸಿ, ಏರಿಯೊಳಗೆ ಆಳವಾದ ಕಾಂಕ್ರೀಟು ಗೋಡೆ ಇಳಿಸುವ ಕೆಲಸ ಕೈಗೆತ್ತಿಕೊಂಡಿತು. 2013ರಲ್ಲಿ ಗೋಡೆ ಮುಗಿದು ಮತ್ತೆ ನೀರು ತುಂಬಿಸಲು ಹೊರಟಾಗ ಹೊಸದೊಂದು ಸಂಗತಿ ತಿಳಿಯಿತು. ಜಲಾಶಯದ ತಲೆಭಾಗದಲ್ಲಿ ನದಿ ಮತ್ತೆ ಹರಿಯತೊಡಗಿದ್ದರಿಂದ, ಅಳಿವಿನಂಚಿನ ಡಸ್ಕಿಟೇಲ್ ಡಾರ್ಟರ್ ಎಂಬ ಬೆರಳುದ್ದದ ಮೀನು ಅಲ್ಲಿಗೆ ಬಂದು ಸಂಸಾರ ಹೂಡಿತ್ತು. ನೀರು ತುಂಬಿಸಿದರೆ ಅದರ ನೆಲೆ ಮುಳುಗುತ್ತದೆ. ದೋಣಿವಿಹಾರ, ಪ್ರವಾಸವನ್ನೇ ನಂಬಿದ್ದ ಅಲ್ಲಿನ ವ್ಯಾಪಾರಿಗಳು ಆರು ವರ್ಷ ಕಾದು ಸೋತಿದ್ದರು. ಅವರ ಸಿಟ್ಟು ಸಹಜವೇ ಆಗಿತ್ತು. ವನ್ಯಜೀವಿ ಇಲಾಖೆಯೊಡನೆ ಮಾತುಕತೆ ನಡೆದು, ಆ ಬೇಸಿಗೆ ಅರೆಮಟ್ಟಕ್ಕೆ ನಿಲ್ಲಿಸಿ, 2014ರಲ್ಲಿ ಪೂರ್ಣ ಮಟ್ಟಕ್ಕೆ ಏರಿಸಲಾಯಿತು. ಕೆಲಸ ಮುಗಿದ ಮೇಲೂ ಪರಿಶೀಲನೆ ಮುಗಿದಿರುವುದಿಲ್ಲ, ಏಕೆಂದರೆ ದುರಸ್ತಿ ನಡೆಯುವ ಅಷ್ಟೂ ವರ್ಷ ನದಿ ತನ್ನ ಪಾಡಿಗೆ ಬದಲಾಗುತ್ತಲೇ ಇರುತ್ತದೆ.

ಆಂಡರ್ಸನ್: ತುರ್ತು ಮತ್ತು ಪರಿಶೀಲನೆಯ ನಡುವೆ

ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿ, ಮಾರ್ಗನ್ ಹಿಲ್ ಪಟ್ಟಣದ ಬಳಿ, ಕಯೋಟಿ ಹಳ್ಳಕ್ಕೆ ಅಡ್ಡಲಾಗಿರುವ ಆಂಡರ್ಸನ್ ಅಣೆಕಟ್ಟು ಇಂಥ ಪರಿಶೀಲನೆಯ ಎಲ್ಲ ತೊಡಕುಗಳನ್ನೂ ಒಂದೇ ಕಡೆ ಕಾಣಿಸುತ್ತದೆ. ಮಣ್ಣು ಮತ್ತು ಕಲ್ಲಿನ ಈ ಏರಿಯನ್ನು ಕಟ್ಟಿದ್ದು 1950ರಲ್ಲಿ. ಎತ್ತರ 240 ಅಡಿ. ಸಾಮರ್ಥ್ಯ ಸುಮಾರು 90,000 ಎಕರೆ-ಅಡಿ, ನಮ್ಮ ಲೆಕ್ಕದಲ್ಲಿ ನಾಲ್ಕು ಟಿಎಂಸಿ ಅಡಿಗೆ ತುಸು ಕಡಿಮೆ. ಸಾಂತಾ ಕ್ಲಾರಾ ಕಣಿವೆಯ ನೀರಿನ ಸಂಸ್ಥೆ ವ್ಯಾಲಿ ವಾಟರ್‌ನ ಜಲಾಶಯಗಳಲ್ಲೆಲ್ಲ ಇದೇ ದೊಡ್ಡದು. ಹರಿವಿನ ದಾರಿಯಲ್ಲಿ ಸ್ಯಾನ್ ಹೋಸೆ ನಗರವಿದೆ.

ಹತ್ತಿರದಲ್ಲೇ ಕ್ಯಾಲವೆರಾಸ್ ಭೂಬಿರುಕು ಹಾದುಹೋಗಿದೆ. 1984ರ ಏಪ್ರಿಲ್ 24ರಂದು ಅದೇ ಬಿರುಕು ಕದಲಿ 6.2 ತೀವ್ರತೆಯ ಭೂಕಂಪವಾಗಿತ್ತು. 2000ದ ದಶಕದ ಕೊನೆಯಲ್ಲಿ ನಡೆಸಿದ ಅಧ್ಯಯನಗಳಲ್ಲಿ, ದೊಡ್ಡ ಭೂಕಂಪವಾದರೆ ಏರಿಯ ಬುಡದ ಕೆಲವು ಪದರಗಳು ಬಲ ಕಳೆದುಕೊಂಡು ಏರಿ ಕುಸಿಯಬಹುದು ಎಂದು ಗೊತ್ತಾಯಿತು. ಅಂದಿನಿಂದ ಜಲಾಶಯವನ್ನು ತುಂಬಲು ಬಿಟ್ಟಿಲ್ಲ. ಆದರೂ 2017ರ ಫೆಬ್ರುವರಿಯ ಮಳೆಗೆ ಜಲಾಶಯ ತುಂಬಿ ಕೋಡಿ ಹರಿಯಿತು. ಹಳ್ಳದ ನೆರೆ ಸ್ಯಾನ್ ಹೋಸೆಗೆ ನುಗ್ಗಿ ಸುಮಾರು 14,000 ಜನ ಮನೆ ಬಿಡಬೇಕಾಯಿತು. ಹಳೆಯ ತೂಬು ತೀರ ಸಣ್ಣದು, ಮಳೆ ಜೋರಾದರೆ ಬೇಕಾದಷ್ಟು ಬೇಗ ನೀರು ಹೊರಹಾಕಲು ಅದರಿಂದಾಗದು ಎಂಬುದು ಎಲ್ಲರಿಗೂ ಗೊತ್ತಾಯಿತು. 2020ರ ಫೆಬ್ರುವರಿ 20ರಂದು ಒಕ್ಕೂಟ ಸರ್ಕಾರದ ಇಂಧನ ನಿಯಂತ್ರಣ ಆಯೋಗ ಜಲಾಶಯವನ್ನು ಬಹುತೇಕ ಬರಿದು ಮಾಡುವಂತೆ ಆದೇಶಿಸಿತು. ಆ ಅಕ್ಟೋಬರಿನಿಂದ ಇಳಿಸುತ್ತ ಹೋಗಿ, ಕೊನೆಗೆ ಸಾಮರ್ಥ್ಯದ ನೂರಕ್ಕೆ ಮೂರರಷ್ಟು ನೀರು ಉಳಿಯಿತು.

ಇಲ್ಲಿ ಕೆಲಸ ಎರಡಾಗಿ ಒಡೆಯಿತು. ತುರ್ತು ಆದೇಶದಡಿಯ ಭಾಗಕ್ಕೆ, ಅಂದರೆ ನೀರು ಇಳಿಸುವುದು ಮತ್ತು ಹಳೆಯದಕ್ಕಿಂತ ಐದು ಪಟ್ಟು ಹೆಚ್ಚು ನೀರು ಬಿಡಬಲ್ಲ ಹೊಸ ಸುರಂಗ ಕೊರೆಯುವುದಕ್ಕೆ, ಕ್ಯಾಲಿಫೋರ್ನಿಯಾದ ಕಾಯ್ದೆಯಲ್ಲೇ ಇರುವ ತುರ್ತು ವಿನಾಯಿತಿ ಸಿಕ್ಕಿತು. ಏರಿಯ ಬಹುಭಾಗವನ್ನು ಬಿಚ್ಚಿ ಅದೇ ಜಾಗದಲ್ಲಿ ಮತ್ತೆ ಕಟ್ಟುವ ಮುಖ್ಯ ಯೋಜನೆಗೆ ಮಾತ್ರ ಪೂರ್ಣ ವರದಿ ಬೇಕಾಯಿತು; ಅದರ ಕರಡು ಹೊರಬಂದದ್ದು 2023ರ ಸೆಪ್ಟೆಂಬರಿನಲ್ಲಿ. ಜಲಾಶಯ ಬರಿದಾಗತೊಡಗಿ ಆಗಲೇ ಸುಮಾರು ಮೂರು ವರ್ಷ ಸಂದಿತ್ತು. ನದಿಗೆ ಅತಿ ಹೆಚ್ಚು ಪೆಟ್ಟು ಕೊಡುವ ಹೆಜ್ಜೆಯೇ ಪೂರ್ಣ ಪರಿಶೀಲನೆಯ ಹೊರಗೆ ಉಳಿಯಿತು. ಜೀವ ಉಳಿಸುವ ತುರ್ತಿನ ಮುಂದೆ ಇದನ್ನು ತಪ್ಪು ಎನ್ನಲಾಗದು. ಆದರೆ ಅಪಾಯ ಗೊತ್ತಾದಂದಿನಿಂದ ತುರ್ತು ಆದೇಶ ಬರುವವರೆಗಿನ ಹತ್ತು ವರ್ಷಗಳಲ್ಲಿ ಮಾಡಬಹುದಾಗಿದ್ದ ಪರಿಶೀಲನೆ ಅದು ಎಂಬುದನ್ನೂ ಮರೆಯುವಂತಿಲ್ಲ.

ವಿನಾಯಿತಿ ಸಿಕ್ಕರೂ ಹೊಣೆ ತಪ್ಪಲಿಲ್ಲ. ಕಯೋಟಿ ಹಳ್ಳದಲ್ಲಿ ಸ್ಟೀಲ್‌ಹೆಡ್ ಎಂಬ ಮೀನಿದೆ. ಸಿಹಿನೀರಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಮೊಟ್ಟೆಯಿಡಲು ಮರಳಿ ಬರುವ ಟ್ರೌಟ್ ಜಾತಿ. ಒಕ್ಕೂಟದ ಕಾನೂನು ಅದನ್ನು ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಯಲ್ಲಿಟ್ಟಿದೆ. ಜಲಾಶಯದ ತಣ್ಣೀರು ನಿಂತಮೇಲೆ ಅದನ್ನು ಉಳಿಸಲು, ಬೇರೆಡೆಯಿಂದ ಕೊಳವೆಯಲ್ಲಿ ತಂದ ನೀರನ್ನು ಯಂತ್ರಗಳಿಂದ ತಂಪು ಮಾಡಿ ಹಳ್ಳಕ್ಕೆ ಬಿಡುವ ವ್ಯವಸ್ಥೆ ಮಾಡಬೇಕಾಯಿತು. ಅಂತರ್ಜಲದ ಪ್ರಶ್ನೆ ಇನ್ನೂ ದೊಡ್ಡದು. ಇಪ್ಪತ್ತನೆಯ ಶತಮಾನದ ಮೊದಲ ಆರೇಳು ದಶಕಗಳಲ್ಲಿ ವಿಪರೀತ ನೀರೆತ್ತಿದ್ದರಿಂದ ಸ್ಯಾನ್ ಹೋಸೆಯ ನೆಲವೇ ಸುಮಾರು 13 ಅಡಿ ಕುಸಿದಿತ್ತು. ಆಂಡರ್ಸನ್‌ನ ನೀರು ಹಳ್ಳದಲ್ಲೂ ಇಂಗುಕೊಳಗಳಲ್ಲೂ ಇಂಗಿ ಆ ಕುಸಿತ ಮರುಕಳಿಸದಂತೆ ಕಾಪಾಡುತ್ತ ಬಂದಿತ್ತು. ಜಲಾಶಯ ವರ್ಷಗಟ್ಟಲೆ ಖಾಲಿಯಿದ್ದರೆ ಇಂಗಿಸಲು ನೀರೆಲ್ಲಿಂದ ಬರಬೇಕು ಎಂಬುದಕ್ಕೂ ವರದಿಯಲ್ಲಿ ಉತ್ತರವಿರಬೇಕು.

ಗಿಡವೊಂದರ ಕಥೆಯನ್ನೂ ಹೇಳಬೇಕು. ಕಯೋಟಿ ಸಿಯನೋತಸ್ ಎಂಬ ಬಿಳಿ ಹೂವಿನ ಕುರುಚಲು ಗಿಡ ಜಗತ್ತಿನಲ್ಲಿರುವುದು ಸಾಂತಾ ಕ್ಲಾರಾ ಕೌಂಟಿಯ ಕೆಲವೇ ತಾಣಗಳಲ್ಲಿ. ಅದರಲ್ಲೊಂದು ಆಂಡರ್ಸನ್ ಏರಿಯ ಪಕ್ಕದ ಗುಡ್ಡ. ಪೋಷಕಾಂಶ ಕಡಿಮೆಯಿರುವ, ಬೇರೆ ಗಿಡಗಳು ಸುಲಭವಾಗಿ ಬೇರೂರದ ಸರ್ಪೆಂಟೈನ್ ಮಣ್ಣಿನಲ್ಲಿ ಇದು ಬೆಳೆಯುತ್ತದೆ. ಆ ಮಣ್ಣಿನ ಮೂಲದ ಕಲ್ಲಿನಲ್ಲಿ ಸಹಜವಾಗಿ ಕಲ್ನಾರಿನ (ಆಸ್ಬೆಸ್ಟಸ್) ಎಳೆಗಳೂ ಇರುತ್ತವೆ. ಒಂದೇ ಗುಡ್ಡವನ್ನು ಅಗೆದರೆ ಸಸ್ಯವಿಜ್ಞಾನಿಗೂ ಕಳವಳ, ಆರೋಗ್ಯಾಧಿಕಾರಿಗೂ ಕಳವಳ. ಧೂಳು ಏಳದಂತೆ ನೀರು ಚಿಮುಕಿಸುವುದು, ಲಾರಿಯ ಗಾಲಿ ತೊಳೆದು ಕಳುಹಿಸುವುದು, ಗಾಳಿಯ ಮಾದರಿ ತೆಗೆಯುವುದು ಇವೆಲ್ಲ ಪರಿಶೀಲನೆಯ ಷರತ್ತುಗಳಾಗಿಯೇ ಗುತ್ತಿಗೆದಾರನ ಕೈ ಸೇರುತ್ತವೆ.

ದುರಸ್ತಿಗೆ ಹೊರಟು ಕೆಡವಿದ್ದು

ಆಂಡರ್ಸನ್‌ನ ಪಕ್ಕದ ಸೀಮೆಯಲ್ಲಿರುವ ಕ್ಯಾಲವೆರಾಸ್ ಅಣೆಕಟ್ಟಿನದ್ದೂ ಹೆಚ್ಚುಕಡಿಮೆ ಇದೇ ಕಥೆ. 1925ರ ಏರಿಗೆ ಭೂಕಂಪದ ಭಯ, 2001ರಲ್ಲಿ ಸಂಗ್ರಹಕ್ಕೆ ಮಿತಿ, 2011ರಲ್ಲಿ ಪರಿಸರ ವರದಿಗೆ ಒಪ್ಪಿಗೆ, ನಂತರ ಕೆಳಗೆ ಹೊಸ ಏರಿ. ಅಲ್ಲೂ ಕಲ್ನಾರಿತ್ತು; ಅಗೆಯುವಾಗ ತಿಮಿಂಗಿಲದ ಪಳೆಯುಳಿಕೆಗಳೂ ಸಿಕ್ಕವು.

ಹೆಚ್ಚು ಕಲಿಸುವುದು ಕ್ಯಾಲಿಫೋರ್ನಿಯಾದ್ದೇ ಆದ ಕಾರ್ಮೆಲ್ ನದಿಯ ಸ್ಯಾನ್ ಕ್ಲೆಮೆಂಟೆ ಅಣೆಕಟ್ಟು. 1921ರಲ್ಲಿ ಕಟ್ಟಿದ 106 ಅಡಿ ಎತ್ತರದ ಈ ಕಾಂಕ್ರೀಟು ಕಮಾನು ಭೂಕಂಪವನ್ನೂ ಮಹಾಪೂರವನ್ನೂ ತಾಳಲಾರದು ಎಂದು ರಾಜ್ಯ ಸರ್ಕಾರ 1990ರ ದಶಕದ ಆರಂಭದಲ್ಲೇ ಹೇಳಿತ್ತು. ಅಷ್ಟು ಹೊತ್ತಿಗೆ ಜಲಾಶಯದ ಹೆಚ್ಚಿನ ಪಾಲು ಹೂಳು ತುಂಬಿಹೋಗಿ, ನೀರಿಗೆ ಉಳಿದ ಜಾಗ ನಗಣ್ಯವಾಗಿತ್ತು. ಒಡೆತನವಿದ್ದ ನೀರಿನ ಕಂಪನಿ ಮುಂದಿಟ್ಟ ಯೋಜನೆ ಸರಳವಾಗಿತ್ತು: ಕೆಳಮಗ್ಗುಲಿಗೆ ಕಾಂಕ್ರೀಟು ಸುರಿದು ಗೋಡೆ ದಪ್ಪ ಮಾಡುವುದು. ಪರಿಸರ ಕಾಯ್ದೆ ಮಾತ್ರ ಬದಲಿ ದಾರಿಗಳನ್ನೂ ಅಷ್ಟೇ ಗಂಭೀರವಾಗಿ ನೋಡು ಎನ್ನುತ್ತದೆ. ಹಾಗಾಗಿ 2006ರ ಕರಡಿನಲ್ಲಿ ದಪ್ಪ ಮಾಡುವುದು, ಮೇಲ್ಭಾಗ ಕತ್ತರಿಸುವುದು, ಪೂರ್ತಿ ಕೆಡವುವುದು, ನದಿಯ ದಾರಿ ಬದಲಿಸಿ ಕೆಡವುವುದು ಎಲ್ಲವೂ ಬಂದವು.

ಕೆಡವುವ ಮಾತು ಬಂದಾಗ ಎಲ್ಲರನ್ನೂ ಕಾಡಿದ್ದು ಹೂಳು. ಸುಮಾರು 25 ಲಕ್ಷ ಘನ ಗಜದಷ್ಟು ಹೂಳು ಒಮ್ಮೆಲೇ ಹರಿದರೆ ಕೆಳಗಿನ ನದಿಪಾತ್ರ ಎತ್ತರವಾಗಿ ಮನೆಗಳಿಗೆ ನೆರೆ ನುಗ್ಗುತ್ತದೆ. ಲಾರಿಗಳಲ್ಲಿ ಸಾಗಿಸುತ್ತೇವೆಂದರೆ ಕಿರಿದಾದ ಕಣಿವೆಯ ರಸ್ತೆ ವರ್ಷಗಟ್ಟಲೆ ನರಳುತ್ತದೆ. ಕೊನೆಗೆ ಸಿಕ್ಕ ದಾರಿ, ಹೂಳನ್ನು ಇದ್ದಲ್ಲೇ ಬಿಟ್ಟು ನದಿಯನ್ನು ಪಕ್ಕದ ಸ್ಯಾನ್ ಕ್ಲೆಮೆಂಟೆ ಹಳ್ಳಕ್ಕೆ ತಿರುಗಿಸುವುದು. ಅರ್ಧ ಮೈಲಿನಷ್ಟು ಹಳೆಯ ಪಾತ್ರ ಹೂಳಿನ ಶಾಶ್ವತ ಜಾಗವಾಯಿತು. 2013ರಲ್ಲಿ ಕೆಲಸ ಶುರುವಾಗಿ 2015ರಲ್ಲಿ ಗೋಡೆ ಉರುಳಿತು. ಖರ್ಚು ಸುಮಾರು 8.4 ಕೋಟಿ ಡಾಲರು. ಸ್ಟೀಲ್‌ಹೆಡ್‌ಗಳಿಗೆ ಮೇಲಿನ ಹೊಳೆಗಳ ದಾರಿ ತೆರೆಯಿತು. ದುರಸ್ತಿಯ ಅರ್ಜಿಯಾಗಿ ಶುರುವಾದದ್ದು ನದಿಯ ಬಿಡುಗಡೆಯಲ್ಲಿ ಮುಗಿದದ್ದು ಪರಿಶೀಲನೆಯಿಂದಾಗಿಯೇ. ವರದಿ ಬರೆಯುವವರು ಮೊದಲೇ ತೀರ್ಮಾನ ಮಾಡಿಕೊಂಡು ಕೂತಿದ್ದರೆ ಇದು ಆಗುತ್ತಿರಲಿಲ್ಲ.

ಭಾರತದಲ್ಲಿ

ಕೇಂದ್ರ ಸರ್ಕಾರದ 2021ರ ಲೆಕ್ಕದಂತೆ ದೇಶದ ದೊಡ್ಡ ಅಣೆಕಟ್ಟುಗಳಲ್ಲಿ ನೂರಕ್ಕೆ ಎಂಬತ್ತರಷ್ಟು 25 ವರ್ಷ ದಾಟಿದ್ದವು, 227 ಅಣೆಕಟ್ಟುಗಳು ನೂರು ವರ್ಷ ದಾಟಿದ್ದವು. ವಿಶ್ವಬ್ಯಾಂಕ್ ನೆರವಿನ ಅಣೆಕಟ್ಟು ಪುನಶ್ಚೇತನ ಮತ್ತು ಸುಧಾರಣಾ ಯೋಜನೆ, ಎಂಜಿನಿಯರುಗಳ ಬಾಯಲ್ಲಿ ‘ಡ್ರಿಪ್’, 2012ರಿಂದ 2021ರವರೆಗಿನ ಮೊದಲ ಹಂತದಲ್ಲಿ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ 223 ಅಣೆಕಟ್ಟುಗಳನ್ನು ಕೈಗೆತ್ತಿಕೊಂಡಿತು. ಮುಂದಿನ ಎರಡು ಹಂತಗಳಿಗೆ 736 ಅಣೆಕಟ್ಟುಗಳನ್ನು ಗುರುತಿಸಿ 10,211 ಕೋಟಿ ರೂಪಾಯಿ ಅಂದಾಜಿಸಲಾಗಿದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ರಾಷ್ಟ್ರೀಯ ಅಣೆಕಟ್ಟು ಸುರಕ್ಷತಾ ಪ್ರಾಧಿಕಾರವನ್ನು ಹುಟ್ಟುಹಾಕಿ, ತಪಾಸಣೆ, ತುರ್ತು ಕ್ರಿಯಾ ಯೋಜನೆ, ಸ್ವತಂತ್ರ ತಜ್ಞರ ಸಮಗ್ರ ಪರಿಶೀಲನೆಗಳನ್ನು ಕಡ್ಡಾಯ ಮಾಡಿತು.

ಪರಿಸರದ ಕಡೆಯಿಂದ ನೋಡಿದರೆ ಕಂದಕವಿದೆ. 2006ರ ಅಧಿಸೂಚನೆ ನದಿ ಕಣಿವೆ ಯೋಜನೆಗಳನ್ನು ಹಿಡಿಯುವುದು ವಿದ್ಯುತ್ತಿನ ಮೆಗಾವ್ಯಾಟ್ ಮತ್ತು ನೀರಾವರಿಯ ಹೆಕ್ಟೇರುಗಳಿಂದ. ಸಾಮರ್ಥ್ಯವೂ ಅಚ್ಚುಕಟ್ಟೂ ಹೆಚ್ಚದ ದುರಸ್ತಿ ಸಾಮಾನ್ಯವಾಗಿ ಆ ಬಲೆಗೆ ಬೀಳುವುದೇ ಇಲ್ಲ. ಸುರಕ್ಷತಾ ಕಾಯ್ದೆಯ ಗಮನವೆಲ್ಲ ಕಟ್ಟಡ ಮತ್ತು ಕೆಳಗಿನ ಜನರ ಮೇಲೆ. ಡ್ರಿಪ್‌ನಲ್ಲಿ ಪ್ರತಿ ಅಣೆಕಟ್ಟಿಗೂ ಪರಿಸರ ಮತ್ತು ಸಾಮಾಜಿಕ ಪರಿಣಾಮಗಳ ತಪಾಸಣೆ ನಡೆಯುತ್ತದೆ. ಅದು ಬಂದದ್ದು ನಮ್ಮ ಕಾನೂನಿನಿಂದಲ್ಲ, ಸಾಲ ಕೊಟ್ಟವರ ನಿಯಮದಿಂದ. ಇದು ಬದಲಾಗಬೇಕು. ನಮ್ಮ ನದಿಯ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನು ಸಾಲ ಕೊಟ್ಟವರು ಕೇಳಿದರೆ ಮಾತ್ರ ಉತ್ತರಿಸುವುದು ಸರಿಯಲ್ಲ.

ನಿಯಮ ಇರುವ ಕಡೆ ಅದು ಹೇಗೆ ಗಂಟು ಬೀಳುತ್ತದೆ ಎನ್ನುವುದಕ್ಕೆ ಮುಲ್ಲಪೆರಿಯಾರ್ ಸಾಕು. 1895ರಲ್ಲಿ ಮುಗಿದ ಈ ಸುರ್ಕಿ ಕಟ್ಟಡ ಇರುವುದು ಕೇರಳದ ಪೆರಿಯಾರ್ ಹುಲಿ ಮೀಸಲಿನೊಳಗೆ, ನಡೆಸುವುದು ತಮಿಳುನಾಡು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ನೀರಿನ ಮಟ್ಟವನ್ನು 142 ಅಡಿಗೆ ಒಪ್ಪಿತು. ಪಕ್ಕದ ಬೇಬಿ ಅಣೆಕಟ್ಟನ್ನು ಬಲಪಡಿಸಲು 15 ಮರ ಕಡಿಯಬೇಕಿತ್ತು. 2021ರ ನವೆಂಬರಿನಲ್ಲಿ ಕೇರಳದ ಅರಣ್ಯಾಧಿಕಾರಿ ಕೊಟ್ಟ ಅನುಮತಿಯನ್ನು ಅಲ್ಲಿನ ಸರ್ಕಾರವೇ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಕೇರಳಕ್ಕೆ ಬೇಕಾದ್ದು ಹೊಸ ಅಣೆಕಟ್ಟು, ತಮಿಳುನಾಡಿಗೆ ಬೇಕಾದ್ದು ಹಳೆಯದರ ದುರಸ್ತಿ. ಹೊಸದಕ್ಕೆ ಮುಳುಗುವ ಕಾಡಿನ ಲೆಕ್ಕವನ್ನೂ ಹಳೆಯದಕ್ಕೆ ಬೀಳುವ ಹದಿನೈದು ಮರಗಳ ಲೆಕ್ಕವನ್ನೂ ಒಂದೇ ವರದಿಯಲ್ಲಿ ಎದುರುಬದುರು ಇಟ್ಟು ನೋಡಿದ್ದರೆ ಜನರಿಗೆ ಎರಡರ ಬೆಲೆಯೂ ತಿಳಿಯುತ್ತಿತ್ತು.

ತುಂಗಭದ್ರಾ, ಕೃಷ್ಣರಾಜಸಾಗರ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ ಕೋಡಿಯ ನೆತ್ತಿಯ ಮೇಲಿನ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ಭರ್ತಿಯಾಗಿತ್ತು. ಒತ್ತಡ ತಗ್ಗಿಸಲು ಉಳಿದ 32 ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯನ್ನು ತುಂಡುತುಂಡಾಗಿ ಇಳಿಸಿ ಒಂದು ವಾರದಲ್ಲಿ ಹರಿವು ನಿಲ್ಲಿಸಿದ್ದು ಅಪರೂಪದ ಸಾಹಸ. ಮುಂದೆ ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂದು ತಜ್ಞರು ಹೇಳಿದರು. 2025ರ ಮಳೆಗಾಲದಲ್ಲಿ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಸೀಮಿತಗೊಳಿಸಲಾಯಿತು. ಮೂಲದಲ್ಲಿ 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಹೂಳಿನಿಂದಾಗಿ ಆಗಲೇ 105.79ಕ್ಕೆ ಇಳಿದಿತ್ತು.

ಚರ್ಚೆಯೆಲ್ಲ ಎರಡನೇ ಬೆಳೆಯ ನೀರಿನ ಸುತ್ತ ನಡೆಯಿತು. ರೈತರ ಪಾಲಿಗೆ ಅದು ಬದುಕಿನ ಪ್ರಶ್ನೆ, ನಡೆಯಲೇಬೇಕು. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸರ್ಕಾರವೇ ಘೋಷಿಸಿದೆ ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ನೆನೆಯಲಿಲ್ಲ. ಹಂಪಿ, ಆನೆಗೊಂದಿಗಳ ಬಂಡೆಗಳ ನಡುವಿನ ಮಡುಗಳು, ಜೊಂಡು, ಮರಳದಿಬ್ಬಗಳು ಅವುಗಳ ನೆಲೆ. ಹಠಾತ್ತನೆ ಬಂದ ಲಕ್ಷ ಕ್ಯುಸೆಕ್ ನೀರು ದಡದ ಬಿಲಗಳನ್ನು ತೊಳೆಯುತ್ತದೆ. ಬೇಸಿಗೆಯಲ್ಲಿ ಹರಿವು ಪೂರ್ತಿ ನಿಂತರೆ ಮಡುಗಳು ಕುಗ್ಗಿ ನೀರುನಾಯಿಗೂ ಮೀನುಗಾರನಿಗೂ ಒಂದೇ ಹೊಂಡದ ಮೀನಿಗಾಗಿ ಪೈಪೋಟಿ ಹುಟ್ಟುತ್ತದೆ.

ಕಾವೇರಿಯ ಕೃಷ್ಣರಾಜಸಾಗರದಲ್ಲೂ ಈಚಿನ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಹಳೆಯ ಗೇಟುಗಳನ್ನು ಬದಲಿಸಲಾಗಿದೆ. ಅದರ ಕೆಳಗೆ, ಶ್ರೀರಂಗಪಟ್ಟಣದ ಬಳಿ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ರಂಗನತಿಟ್ಟು ಪಕ್ಷಿಧಾಮ ಇದೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಅಲ್ಲಿನ ತಿಟ್ಟುಗಳು ಮುಳುಗಿ ಮಣ್ಣು ಕೊಚ್ಚಿಹೋಗುತ್ತದೆ. ಅರಣ್ಯ ಇಲಾಖೆ ಮರಳುಚೀಲ ಜೋಡಿಸಿ ಅವನ್ನು ಉಳಿಸಿಕೊಳ್ಳುತ್ತ ಬಂದಿದೆ.

ಗೇಟು ಬದಲಿಸುವ ಕೆಲಸಕ್ಕೆ ಎಂಜಿನಿಯರುಗಳಿಗೆ ಸಿಗುವುದು ನೀರು ಕ್ರೆಸ್ಟ್ ಮಟ್ಟದ ಕೆಳಗಿರುವ ಕೆಲವೇ ತಿಂಗಳು, ಅದೂ ಬೇಸಿಗೆಯಲ್ಲಿ. ಹೊಳೆಗೆ ನೀರು ತೀರ ಬೇಕಾದ ತಿಂಗಳುಗಳೂ ಅವೇ. ಆ ದಿನಗಳಲ್ಲಿ ತಳದ ತೂಬಿನಿಂದ ದಿನಕ್ಕೆ ಎಷ್ಟು ಕ್ಯುಸೆಕ್ ನದಿಗೆ ಬಿಡಬೇಕು, ಎಷ್ಟು ನಿಧಾನವಾಗಿ ಏರಿಸಿ ಇಳಿಸಬೇಕು, ತುಕ್ಕು ಕೆರೆದ ಬಣ್ಣದ ಪುಡಿಯನ್ನೂ ಬಿರುಕು ತುಂಬುವ ಗ್ರೌಟಿನ ನೀರನ್ನೂ ಎಲ್ಲಿ ಹಿಡಿದಿಡಬೇಕು, ಯಾವ ಮಡುವಿನಲ್ಲಿ ಮರಿಗಳಿವೆ ಎಂದು ಯಾರು ನೋಡಿ ಬರಬೇಕು: ಇವನ್ನು ಟೆಂಡರಿನ ಷರತ್ತುಗಳಲ್ಲೇ ಬರೆಯಲು ಹೊಸ ಕಾನೂನಿಗೆ ಕಾಯಬೇಕಾಗಿಲ್ಲ. ಜಲಸಂಪನ್ಮೂಲ ಇಲಾಖೆ ಮತ್ತು ಅರಣ್ಯ ಇಲಾಖೆಗಳು ಕೆಲಸಕ್ಕೆ ಮೊದಲು ಒಂದೇ ಮೇಜಿನ ಮುಂದೆ ಕೂತರೆ ಸಾಕು.